ನೀರು ಕುಡಿಯುವ ‘ಎಣ್ಣೆ ಹೀರುವ ಫೋಮ್’ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ

ವಿಷಯ: ಲೇಪನವಿರುವ ಪಾಲಿಯುರೆಥೇನ್ ಫೋಮ್ ಹಾಳೆಗಳು ಎಣ್ಣೆಗಿಂತ ಮೊದಲು ನೀರನ್ನೇ ಹೀರುತ್ತಿರುವುದು

ಮಾನ್ಯರೇ,

ಫೋನಿನಲ್ಲಿ ನಯವಾಗಿ ಹೇಳಿ ನೋಡಿದೆ, ಮೇಲ್ ಬರೆದು ನೋಡಿದೆ. ಮೊನ್ನೆ ನಿಮ್ಮ ತಾಂತ್ರಿಕ ವಿಭಾಗದವರು ವಿಡಿಯೊ ಕರೆಯಲ್ಲಿ ನಡೆಸಿದ ಪರೀಕ್ಷೆಯ ನಂತರ (ಪರೀಕ್ಷೆಗೆ ಒಳಗಾದದ್ದು ಫೋಮ್ ಅಲ್ಲ, ನಾನು) ಇನ್ನು ಎಲ್ಲವೂ ಬರವಣಿಗೆಯಲ್ಲೇ ಇರಲಿ ಎಂದು ತೀರ್ಮಾನಿಸಿದೆ.

ನಮ್ಮ ಡೀಸೆಲ್ ಟ್ಯಾಂಕಿನ ಸುತ್ತ ಕಟ್ಟಿದ ಕಟ್ಟೆಯೊಳಗೆ ಮಳೆನೀರು ನಿಲ್ಲುತ್ತದೆ. ಅದರ ಮೇಲೆ ಡೀಸೆಲ್ ಪದರ ತೇಲುತ್ತದೆ. ಆ ಪದರ ತೆಗೆಯದೆ ನೀರನ್ನು ಹೊರಗೆ ಬಿಡುವಂತಿಲ್ಲ. ‘ಎಣ್ಣೆಯನ್ನು ಮಾತ್ರ ಹೀರುತ್ತದೆ, ಹಿಂಡಿ ಮತ್ತೆ ಬಳಸಿ’ ಎಂದು ಡಬ್ಬದ ಮೇಲೆ ಅಚ್ಚಾಗಿದ್ದನ್ನು ನಂಬಿ ನಿಮ್ಮ ಹಾಳೆಗಳನ್ನು ತರಿಸಿದೆವು. ಹಿಂಡಿದಾಗ ಬಂದದ್ದು ಬಹುಪಾಲು ನೀರು. ಎರಡನೇ ಸಲ ಬಿಟ್ಟ ಹಾಳೆ ತೇಲುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ, ಮುಳುಗಿತು.

ಇನ್ನು ಆ ಕರೆಯ ವಿಚಾರ. ನಮ್ಮ ಸ್ಟೋರ್ ಕೀಪರ್ ಮತ್ತು ಕೆಲಸದ ಹುಡುಗರು ನನ್ನ ಹಿಂದೆಯೇ ನಿಂತಿದ್ದರು. “ಸರ್, ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡೀರಿ” ಅಂದರು. ಹಿಡಿದೆ. “ಸ್ವಲ್ಪ ಎಡಕ್ಕೆ.” ಸರಿಸಿದೆ. “ಒಂದು ಹನಿ ನೀರು ಬಿಡಿ.” ಬಿಟ್ಟೆ. ಹನಿ ದುಂಡಗೆ ನಿಂತಿತು. “ನೋಡಿದ್ರಾ ಸರ್, ಮುತ್ತಿನ ಥರ ನಿಂತಿದೆ!” ಎಂದು ನಿಮ್ಮವರು ಹಿಗ್ಗಿದರು. ಕತ್ತರಿಸಿದ ಅಂಚಿನ ಮೇಲೆ ಬಿಡಲೇ ಎಂದು ಕೇಳಿದೆ. “ಕತ್ತರಿಸಿದರೆ ವಾರಂಟಿ ಹೋಗುತ್ತೆ ಸರ್” ಎಂಬ ಉತ್ತರ ಬಂತು. ‘ತೊಟ್ಟಿಯ ಅಳತೆಗೆ ಕತ್ತರಿಸಿಕೊಳ್ಳಿ’ ಎಂದು ನಿಮ್ಮದೇ ಬಳಕೆ ಕೈಪಿಡಿಯಲ್ಲಿರುವ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, ಕತ್ತರಿಸಿದ ಮುಖದ ಮೇಲೆ ಹನಿ ಬಿಟ್ಟೆ. ನೋಡನೋಡುತ್ತಲೇ ಒಳಗೆ ಇಳಿದುಹೋಯಿತು.

ಸ್ವಲ್ಪ ಹೊತ್ತು ಅತ್ತ ಕಡೆಯಿಂದ ಮಾತಿಲ್ಲ. ಆಮೇಲೆ, “ಸರ್, ಅದು ನೀರೇನಾ?”

ನೀರೇ ಎಂದೆ. “ಸೋಪು ಏನಾದರೂ ಬೆರೆತಿದೆಯಾ?” ಇಲ್ಲ ಎಂದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಆಗ ಎಂಥ ಒಳ್ಳೆಯ ಲೇಪನವೂ ಒದ್ದೆಯಾಗಬಹುದು ಎಂಬುದು ನನಗೂ ಗೊತ್ತು. ಅದಕ್ಕೇ ಕುಡಿಯುವ ನೀರನ್ನೇ ತಂದಿಟ್ಟುಕೊಂಡಿದ್ದೆ. ನಂಬಿಕೆ ಬರಲಿ ಎಂದು ಅದೇ ಲೋಟದಿಂದ ಒಂದು ಗುಟುಕು ಕುಡಿದೂ ತೋರಿಸಿದೆ. ಅದಕ್ಕೆ ಬಂದ ಮಾತು: “ನಿಮ್ಮಲ್ಲಿ ಕೆಮಿಸ್ಟ್ರಿ ಓದಿದವರು ಯಾರಾದರೂ ಇದ್ದರೆ ಅವರಿಗೆ ಫೋನ್ ಕೊಡ್ತೀರಾ?” ಹಿಂದಿದ್ದ ಹುಡುಗರು ನಕ್ಕರು. ಕೊನೆಗೆ ಬಂದ ತೀರ್ಪು, “ಫೋಮ್ ಅಂದಮೇಲೆ ಸ್ವಲ್ಪ ನೀರು ಹೀರಿಯೇ ಹೀರುತ್ತೆ ಸರ್.” ಇಷ್ಟು ಪ್ರಾಮಾಣಿಕ ವಾಕ್ಯವನ್ನು ಡಬ್ಬದ ಮೇಲೆ ಯಾಕೆ ಅಚ್ಚು ಹಾಕಿಸಲಿಲ್ಲವೋ!

ಲೇಪನವಿಲ್ಲದ ಫೋಮ್ ಎಣ್ಣೆಯನ್ನೂ ಹೀರುತ್ತದೆ, ನೀರನ್ನೂ ಹೀರುತ್ತದೆ. ನೀರನ್ನು ದೂರವಿಡಲೆಂದೇ ಅಲ್ಲವೇ ಲೇಪನಕ್ಕೆ ನಾವು ಹೆಚ್ಚು ಹಣ ಕೊಟ್ಟದ್ದು? ಅದು ಒಳಗಿನ ಒಂದೊಂದು ಎಳೆಗೂ ತಲುಪಿರಬೇಕು. ನೀವು ಎರಡು ಮೈಗೂ ಸ್ಪ್ರೇ ಹೊಡೆದು ಕೈತೊಳೆದುಕೊಂಡಿದ್ದೀರಿ ಎಂದು ಆ ಕತ್ತರಿಸಿದ ಅಂಚೇ ಹೇಳುತ್ತಿದೆ. ಇಂಥ ಲೇಪನಕ್ಕೆ ಬಳಸುವ ಸಿಲೇನ್ (ಸಿಲಿಕಾನ್ ಇರುವ ರಾಸಾಯನಿಕ) ಭದ್ರವಾಗಿ ಕೂರಬೇಕಾದರೆ ಕೆಳಗೆ ಅದು ಹಿಡಿದುಕೊಳ್ಳಲು ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ಬೇಕು, ಪಾಲಿಯುರೆಥೇನ್ ಮೇಲೆ ಅವು ಸಾಲದು. 2017ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ‘ಓಲಿಯೊ ಸ್ಪಂಜ್’ ಎಂಬ ಎಣ್ಣೆ ಹೀರುವ ಫೋಮನ್ನು ಪ್ರಕಟಿಸಿದಾಗ, ಮೊದಲು ಫೋಮಿನ ಒಳಗೆಲ್ಲ ಲೋಹದ ಆಕ್ಸೈಡ್ ಬೆಳೆಸಿ, ಅದಕ್ಕೆ ಎಣ್ಣೆಪ್ರಿಯ ಅಣುಗಳನ್ನು ಅಂಟಿಸಿದ್ದು ಇದೇ ಕಾರಣಕ್ಕೆ. ನಿಮ್ಮ ಹಾಳೆಯನ್ನು ಹಿಂಡಿದರೆ ಬಿಳಿ ಪುಡಿ ಉದುರುತ್ತದೆ. ಅದೇ ನಿಮ್ಮ ಲೇಪನವಿರಬೇಕು.

ಡೇಟಾ ಶೀಟನ್ನಾದರೂ ಯಾರಾದರೂ ಓದಿದ್ದೀರಾ? ಮೊದಲ ಪುಟದಲ್ಲಿ ಫೋಮಿನ ಸಾಂದ್ರತೆ ಘನ ಮೀಟರಿಗೆ 30 ಕಿಲೋ ಎಂದಿದೆ, ಎರಡನೇ ಪುಟದಲ್ಲಿ ‘ತನ್ನ ತೂಕದ 60 ಪಟ್ಟು ಡೀಸೆಲ್ ಹೀರುತ್ತದೆ’ ಎಂದಿದೆ. ಆ ಲೆಕ್ಕಕ್ಕೆ 1 ಗ್ರಾಂ ಫೋಮ್ ಎಂದರೆ ಸುಮಾರು 33 ಘನ ಸೆಂಟಿಮೀಟರ್. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ಒಂದು ರಂಧ್ರವೂ ಖಾಲಿ ಉಳಿಯದಂತೆ ತುಂಬಿದರೂ ಹಿಡಿಯುವ ಡೀಸೆಲ್ 28 ಗ್ರಾಂ ದಾಟುವುದಿಲ್ಲ. ಉಳಿದದ್ದು ಎಲ್ಲಿ ಕೂರುತ್ತದೆ? ಕೆಮಿಸ್ಟ್ರಿ ಓದಿದವರನ್ನು ಕೇಳಿ ತಿಳಿಸಿ.

‘ಎಎಸ್‌ಟಿಎಂ ಎಫ್726 ಪ್ರಕಾರ ಪರೀಕ್ಷಿತ’ ಎಂದೂ ಬರೆದುಕೊಂಡಿದ್ದೀರಿ. ಎಣ್ಣೆ ಹೀರುವ ವಸ್ತುಗಳನ್ನು ಪರೀಕ್ಷಿಸಲು ಆ ಮಾನಕ ಸಂಸ್ಥೆ ಗೊತ್ತುಮಾಡಿದ ಈ ವಿಧಾನದಲ್ಲಿ ವಸ್ತುವನ್ನು ನೀರಿರುವ ಜಾಡಿಗೆ ಹಾಕಿ ಅಲುಗಾಡಿಸಿ, ಅದು ನೀರು ಹೀರಿತೇ, ಮುಳುಗಿತೇ ಎಂದೂ ನೋಡುತ್ತಾರೆ. ನಮ್ಮ ಬ್ಯಾಚಿನ ವರದಿ ಕಳಿಸಿ ಎಂದು ಕೇಳುತ್ತಲೇ ಇದ್ದೇನೆ. ಬರುತ್ತಿರುವುದು ಬ್ರೋಷರ್.

ನಿಮ್ಮ ಮಾರಾಟ ನಿಯಮಗಳಲ್ಲೇ ‘ಘೋಷಿತ ಗುಣಮಟ್ಟವಿಲ್ಲದಿದ್ದರೆ ಪೂರ್ತಿ ಹಣ ವಾಪಸ್’ ಎಂದಿದೆ. ನೀವೇ ಬರೆದದ್ದನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಹಣದ ಜೊತೆಗೆ, ನೆನೆದ ಹಾಳೆಗಳನ್ನು ತುಂಬಿ ಮುಚ್ಚಿಟ್ಟಿರುವ ಡ್ರಮ್ಮುಗಳನ್ನೂ ನೀವೇ ಒಯ್ಯಬೇಕು. ಎಣ್ಣೆ ಕುಡಿದ ಫೋಮನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ.

ಈ ತಿಂಗಳೊಳಗೆ ಇದು ಆಗದಿದ್ದರೆ ಕತ್ತರಿಸಿದ ಹಾಳೆಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಅಲ್ಲಿ ಬಂದ ವರದಿಯನ್ನು ನಿಮ್ಮ ಡೇಟಾ ಶೀಟಿನ ಪಕ್ಕದಲ್ಲಿಟ್ಟು, ನಿಮ್ಮ ಬ್ರೋಷರಿನ ‘ನಮ್ಮನ್ನು ನಂಬಿದವರು’ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ತಲುಪಿಸುತ್ತೇನೆ. ಅಂದಹಾಗೆ, ‘ತರಬೇತಿಗಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ’ ಎಂದು ನಿಮ್ಮವರು ಶುರುವಿನಲ್ಲೇ ಹೇಳಿದ್ದರು. ನಾವೂ ರೆಕಾರ್ಡ್ ಮಾಡಿಕೊಂಡಿದ್ದೇವೆ. ಅದನ್ನೂ ವರದಿಯ ಜೊತೆಗೇ ಕಳಿಸುತ್ತೇನೆ.

ಇಂತಿ,
ಡೀಸೆಲ್ ದಾಸ್ತಾನು ವಿಭಾಗದ ಮೇಲ್ವಿಚಾರಕ

ಲಗತ್ತು: ಬಿಲ್ಲಿನ ಪ್ರತಿ, ಡೇಟಾ ಶೀಟಿನ ಎರಡೂ ಪುಟಗಳು, ಕತ್ತರಿಸಿದ ಅಂಚಿನ ಚಿತ್ರಗಳು