ಕೋಟೆ ಬಾಗಿಲ ಸೌತೆಕಾಯಿ ಅಮ್ಮನಿಗೆ

ಅಮ್ಮಾ, ಅವಸರದಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ.

ಕಳೆದ ಶನಿವಾರ ಬೇಸಿಗೆ ಶಿಬಿರದ ಮಕ್ಕಳ ಜೊತೆ ಚಿತ್ರದುರ್ಗದ ಕೋಟೆಗೆ ಬಂದಿದ್ದೆವು. ಓಬವ್ವನ ಕಿಂಡಿ ನೋಡಿ ಇಳಿಯುವಾಗ ನನ್ನ ಮಗಳ ಹವಾಯಿ ಚಪ್ಪಲಿಯ ಬಾರು ಕಿತ್ತು ಬಂತು. ಬಂಡೆ ಕಾದ ಹೆಂಚು. ಎತ್ತಿಕೊಂಡು ಬಾಗಿಲವರೆಗೆ ಬಂದೆ. ನೀವು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಬಾರಿನ ಗುಂಡಿಗೆ ಅಡ್ಡ ಚುಚ್ಚಿ, "ಮನೆ ಮುಟ್ತತಿ ಬಿಡ್ರಿ" ಅಂದಿರಿ. ಮುಟ್ಟಿತು!

ಆದರೆ ಥ್ಯಾಂಕ್ಸ್ ಹೇಳಬೇಕಿರುವುದು ಅದಕ್ಕಷ್ಟೇ ಅಲ್ಲ. ಹೊಂಡದ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಬ್ಬ ಪುಟ್ಟ ಕೇಳಿದ. ನಾವು ದೊಡ್ಡವರು ಸುಮ್ನೆ ಮುಖ ಮುಖ ನೋಡಿಕೊಂಡೆವು. ನೀವು ಮೆಟ್ಟಿಲ ಮೇಲೆ ಒಂದರ ಕೆಳಗೊಂದು ಲೋಟ ಇಟ್ಟಿರಿ. ಮೇಲಿನದು ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ ತಂಗಿ ಹೊಂಡ. ಆಮೇಲೆ ಸಿಹಿನೀರು ಹೊಂಡ. ಕೊನೆಗೆ ಊರೊಳಗಿನ ಸಂತೆ ಹೊಂಡ. ಕುಡಿಯೋ ನೀರನ್ನೇ ಸುರಿದಿರಿ, ಆ ಬಿಸಿಲಲ್ಲಿ!

ದುಡ್ಡು ಕೊಡಲು ಹೋದರೆ, "ಸೌತೆಕಾಯಿ ತಗಳ್ರಿ, ಸಾಕು" ಅಂದಿರಿ. ಉಪ್ಪು ಖಾರ ಸ್ವಲ್ಪ ಜಾಸ್ತಿನೇ ಇತ್ತು ಬಿಡಿ.

ಮಗಳು ಹೊಸ ಚಪ್ಪಲಿ ಬೇಡ ಅನ್ನುತ್ತಿದ್ದಾಳೆ. ನಮ್ಮ ಬಚ್ಚಲಲ್ಲಿ ಈಗ ನಾಲ್ಕು ಲೋಟಗಳಿವೆ.