ಮಾರುತಿಗೆ ಬಣ್ಣ ಹೊಡೆಯುವ ಮುನ್ನ

ಪ್ರಿಯ ಗೆಳೆಯಾ,

ಅಪ್ಪನ ಕಾಲದ ಮಾರುತಿ 800ಕ್ಕೆ ಸ್ಪ್ರೇ ಡಬ್ಬಿ ತಂದು ನೀನೇ ಬಣ್ಣ ಹೊಡೆಯುವುದಾಗಿ ಬರೆದಿದ್ದೀಯಲ್ಲ, ಹೊಡೆ. ಆದರೆ ಆಷಾಢದಲ್ಲಿ, ಅದೂ ಶಿರಸಿಯಲ್ಲಿ, ಡಬ್ಬಿಯ ಮುಚ್ಚಳವನ್ನೂ ತೆಗೆಯಬೇಡ. ಗಾಳಿಯಲ್ಲಿ ತೇವವಿದ್ದರೆ ಒಣಗುವ ಬಣ್ಣಕ್ಕೆ ನೀರಿನ ಪಸೆ ಕೂತು, ಬೂಷ್ಟು ಹಿಡಿದಂತೆ ಮಂಕಾಗುತ್ತದೆ. ದೀಪಾವಳಿ ಕಳೆಯಲಿ.

ಅಲ್ಲಿಯವರೆಗೂ ಕೈತುಂಬ ಕೆಲಸವಿದೆ. ಬಾಗಿಲಿನ ಕೆಳಅಂಚನ್ನು ಬೆರಳಿನಿಂದ ತಡವಿ ನೋಡು. ನೀರು ಇಳಿದುಹೋಗಲೆಂದು ಅಲ್ಲಿ ಸಣ್ಣ ತೂತುಗಳಿವೆ. ಅವುಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ನಿಂತು ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಕಾಣುವುದು ಬಣ್ಣದ ಒಂದು ಗುಳ್ಳೆ ಮಾತ್ರ. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಒತ್ತು. ಗಟ್ಟಿ ತಗಡು ಸಿಕ್ಕರೆ ಬಚಾವು. ತುದಿ ಒಳಗಿಳಿದರೆ ಟಿಂಕರಿಂಗ್ ಮಾಡುವವನ ಹತ್ತಿರ ಹೋಗು. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಮತ್ತೆ ಹಾಜರು. 2014ರಲ್ಲೇ ತಯಾರಿಕೆ ನಿಂತ ಕಾರು ಅದು. ಬಾಗಿಲು ಹಾಳಾದರೆ ಗುಜರಿ ಅಂಗಡಿ ಅಲೆಯಬೇಕಾದೀತು.

ಮಳೆ ನಿಂತ ಮೇಲೆ, ಮೇಲಿನ ತುಕ್ಕನ್ನು 80ನೇ ನಂಬರಿನ ಎಮರಿ ಕಾಗದದಲ್ಲಿ ಲೋಹ ಹೊಳೆಯುವವರೆಗೆ ತಿಕ್ಕು. ಅದಕ್ಕೆ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ತಳಪದರ, ಹೊಡೆದು ಒಣಗಿದ ಮೇಲೆ 600ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜು. ಏರುತಗ್ಗು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಆಮೇಲೆ ಅಲ್ಲಿ ಅಂಟಿದ ಕೈಯ ಜಿಡ್ಡನ್ನು ಒರೆಸಲು ಮರೆಯಬೇಡ.

ಬಣ್ಣ ಹೊಡೆಯುವುದು ಇದರ ಮುಂದೆ ಏನೂ ಅಲ್ಲ. ಡಬ್ಬಿ ಒಂದು ಗೇಣು ದೂರವಿರಲಿ. ಗುಂಡಿಯನ್ನು ಬಾಗಿಲಿನ ಅಂಚಿನಾಚೆಗೇ ಒತ್ತಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡು. ತೆಳುವಾಗಿ, ಪದರದ ಮೇಲೆ ಪದರ. ಅವಸರಪಟ್ಟರೆ ಬಣ್ಣ ಹನಿಹನಿಯಾಗಿ ಕೆಳಗೆ ಸೋರುತ್ತದೆ.

ಇಡೀ ಕಾರಿಗೆ ಡಬ್ಬಿಯೇ ಸಾಕೇ ಎಂದು ಕೇಳಿದ್ದೀಯ. ಬೇಡ ಮಾರಾಯ. 400 ಮಿ.ಲೀ. ಡಬ್ಬಿ ಹೆಚ್ಚೆಂದರೆ ಒಂದು ಬಾಗಿಲಿಗೆ. ಚಾವಣಿ, ಬಾನೆಟ್‌ನಂಥ ಅಗಲವಾದ ಜಾಗದಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ. ಅವನ್ನು ಕಂಪ್ರೆಸರ್ ಇರುವವರಿಗೆ ಬಿಡು. ಬಿಳಿಯನ್ನು ಕೆಂಪು ಮಾಡುವ ಆಸೆಯನ್ನೂ ಬಿಡು. ಆರ್‌ಸಿಯಲ್ಲಿ ಬಣ್ಣ ತಿದ್ದಿಸಲು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಆವಿ ನಿಲ್ಲುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕನ್ನೇ ಕೊಂಡುಕೋ. ಜಾಗವನ್ನಂತೂ ಈಗಲೇ ಗೊತ್ತುಮಾಡು. ದೀಪಾವಳಿಯ ನಂತರ ನಿಮ್ಮ ಅಂಗಳದ ತುಂಬ ಅಡಿಕೆ ಇರುತ್ತದೆ, ಬಣ್ಣದ ತುಂತುರು ಗಾಳಿ ಬೀಸಿದತ್ತ ಹಾರುತ್ತದೆ. ಅಡಿಕೆಯ ಮೇಲೆ ಬಿಳಿ ಕೂತರೆ ನಿನ್ನ ಅಮ್ಮನಿಗೆ ಸಮಾಧಾನ ಹೇಳಲು ನನ್ನನ್ನು ಕರೆಯಬೇಡ.

ನಿನ್ನ ಗೆಳೆಯ