ಫಿಟ್ಸ್ ಎಣಿಸುವ ಕೋಣೆಯಲ್ಲೇ ಮಗುವಿನ ಮನಸ್ಸನ್ನೂ ವಿಚಾರಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಅಪಸ್ಮಾರದ ಮಗುವನ್ನು ಕರೆತಂದ ತಾಯಿಗೆ ಕ್ಲಿನಿಕ್ಕಿನಲ್ಲಿ ಎದುರಾಗುವ ಪ್ರಶ್ನೆಗಳು ಎರಡು. ಹೋದ ಸಲ ಬಂದು ಹೋದ ಮೇಲೆ ಎಷ್ಟು ಬಾರಿ ಫಿಟ್ಸ್ ಬಂತು? ಮಾತ್ರೆ ತಪ್ಪಿಸಿದಿರಾ? ಅಷ್ಟು ಹೊತ್ತಿಗೆ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಮಗು ರಾತ್ರಿ ಒಂಟಿಯಾಗಿ ಮಲಗಲು ಹೆದರುತ್ತಿದೆ, ತರಗತಿಯಲ್ಲಿ ಮಾತು ಬಿಟ್ಟಿದೆ, ಸಣ್ಣದಕ್ಕೂ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದೆ ಎಂಬುದು ಯಾವ ಕಾಗದಕ್ಕೂ ಏರುವುದಿಲ್ಲ. ತಾಯಿ ತಾನಾಗಿ ಹೇಳಿಕೊಂಡರೆ ಮನೋವೈದ್ಯರಿಗೆ ತೋರಿಸಿ ಎಂದು ಒಂದು ಚೀಟಿ ಸಿಗುತ್ತದೆ. ಆ ಚೀಟಿ ಹಿಡಿದು ಇನ್ನೊಂದು ಬಾಗಿಲು ಹುಡುಕುವ ದಾರಿಯಲ್ಲೇ ಬಹುಪಾಲು ಮಕ್ಕಳು ಕೈತಪ್ಪಿ ಹೋಗುತ್ತಾರೆ.

ವಿಷಯ ಹೊಸದೇನಲ್ಲ. ಬ್ರಿಟನ್ನಿನ ಮಕ್ಕಳ ಸಮೀಕ್ಷೆಯೊಂದರ ಫಲಿತಾಂಶ 2003ರಲ್ಲೇ ಪ್ರಕಟವಾಗಿದೆ. ಅಪಸ್ಮಾರ ಇರುವ ಮಕ್ಕಳಲ್ಲಿ ಶೇ 37ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು, ಮಧುಮೇಹದ ಮಕ್ಕಳಲ್ಲಿ ಶೇ 11, ಉಳಿದವರಲ್ಲಿ ಶೇ 9. ಮಧುಮೇಹವೂ ದಿನಾ ಔಷಧ ಬೇಡುವ ದೀರ್ಘ ಕಾಯಿಲೆಯೇ. ಹಾಗಾಗಿ 'ಕಾಯಿಲೆ ಇದ್ದ ಮೇಲೆ ಬೇಜಾರು ಇರೋದೇ' ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಫಿಟ್ಸ್ ಹುಟ್ಟಿಸುವ ಮಿದುಳಿನ ಜಾಲಗಳೇ ಭಯ, ಗಮನ, ಸಿಟ್ಟುಗಳನ್ನೂ ನಡೆಸುತ್ತವೆ. ಇದರ ಮೇಲೆ ಯಾವಾಗ, ಎಲ್ಲಿ ಬೀಳುತ್ತೇನೋ ಎಂಬ ಅಂಜಿಕೆ, ಸಹಪಾಠಿಗಳ ನೋಟ.

ಔಷಧದ ಪಾಲೂ ಇದೆ, ಇದರ ಬಗ್ಗೆ ತುಸು ವಿವರವಾಗಿ ಹೇಳಬೇಕು. ಫಿಟ್ಸ್ ತಡೆಯಲು ಲೆವೆಟಿರಾಸಿಟಾಮ್ ಒಳ್ಳೆಯ ಔಷಧ. ಆದರೆ ಕೆಲವು ಮಕ್ಕಳಲ್ಲಿ ಅದು ಸಿಡುಕು, ಅಳು, ಹೊಡೆದಾಟ ತರುತ್ತದೆ, ಸಾಮಾನ್ಯವಾಗಿ ಶುರುಮಾಡಿದ ಅಥವಾ ಡೋಸ್ ಏರಿಸಿದ ಮೊದಲ ವಾರಗಳಲ್ಲಿ. ಫಿನೋಬಾರ್ಬಿಟಾಲ್ ಕೆಲವರನ್ನು ಚಡಪಡಿಸುವಂತೆ ಮಾಡಿದರೆ ಕೆಲವರನ್ನು ಮಂಕಾಗಿಸುತ್ತದೆ. ಟೋಪಿರಮೇಟ್‌ನಿಂದ ಬಾಯಿಗೆ ಬರಬೇಕಾದ ಪದ ಸಿಗದೆ ಮಗು ತಡವರಿಸಬಹುದು. ಮನೆಯಲ್ಲಿ ಇದು 'ಹಟ', ಶಾಲೆಯಲ್ಲಿ 'ಸೋಮಾರಿತನ'. ರೋಸಿಹೋದ ಪೋಷಕರು ಒಂದು ದಿನ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಥಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ವರ್ತನೆ ಬದಲಾದ ದಿನ, ಡೋಸ್ ಬದಲಾದ ದಿನ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ ಕಾರಣ ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಆಮೇಲೆ ವೈದ್ಯರು ಡೋಸ್ ಏರಿಸುವುದನ್ನು ನಿಧಾನಗೊಳಿಸಬಹುದು ಅಥವಾ ಔಷಧ ಬದಲಿಸಬಹುದು. ಆದರೆ ಔಷಧಾಲಯದಲ್ಲಿ ಒಂದೆರಡೇ ಬಗೆಯ ಔಷಧಗಳಿದ್ದರೆ ಯಾವುದಕ್ಕೆ ಬದಲಿಸುವುದು? ಲ್ಯಾಮೋಟ್ರಿಜಿನ್ ಮನಸ್ಸಿನ ಮಟ್ಟಿಗೆ ಸೌಮ್ಯ. ಚರ್ಮದ ಮೇಲಿನ ತೀವ್ರ ಅಲರ್ಜಿ ತಪ್ಪಿಸಲು ಅದನ್ನು ವಾರಗಟ್ಟಲೆ ಹಂತಹಂತವಾಗಿ ಏರಿಸಬೇಕು, ಜೊತೆಗೆ ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧ ಇದ್ದರೆ ಇನ್ನೂ ನಿಧಾನವಾಗಿ. ಹಾಗೆ ಏರಿಸಲು ಕಡಿಮೆ ಮಿಲಿಗ್ರಾಮಿನ ಮಾತ್ರೆಗಳೂ ದಾಸ್ತಾನಿನಲ್ಲಿರಬೇಕು. ದೊಡ್ಡ ಮಾತ್ರೆಯನ್ನು ಚಾಕುವಿನಲ್ಲಿ ತುಂಡರಿಸಿ ಈ ಲೆಕ್ಕ ಸರಿದೂಗಿಸಲಾಗದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪೂ ನಡೆಯುತ್ತಿದೆ. ಖಿನ್ನತೆಯ ಔಷಧ ಕೊಟ್ಟರೆ ಫಿಟ್ಸ್ ಹೆಚ್ಚುತ್ತದೆ ಎಂಬ ಹೆದರಿಕೆಯಿಂದ ಚಿಕಿತ್ಸೆಯನ್ನೇ ಕೊಡದಿರುವುದು. ಬುಪ್ರೋಪಿಯಾನ್‌ನಂಥ ಕೆಲವಕ್ಕೆ ಆ ಮಾತು ಸರಿ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್‌ಗಳನ್ನು ವಾಡಿಕೆಯ ಪ್ರಮಾಣದಲ್ಲಿ, ನಿಗಾ ಇಟ್ಟು ಕೊಡಬಹುದು. ಫ್ಲೂಆಕ್ಸೆಟಿನ್‌ನಿಂದ ಫಿಟ್ಸ್ ಔಷಧಗಳಾದ ಫೆನಿಟಾಯಿನ್, ಕಾರ್ಬಮಾಜೆಪಿನ್‌ಗಳ ಮಟ್ಟ ರಕ್ತದಲ್ಲಿ ಏರಬಹುದೆಂಬುದು ಮಾತ್ರ ನೆನಪಿರಬೇಕು. ಗಮನದ ಕೊರತೆಗೆ ಕೊಡುವ ಮಿಥೈಲ್‌ಫೆನಿಡೇಟ್‌ಗೂ ಅಪಸ್ಮಾರದ ಹೆಸರಿನಲ್ಲಿ ಬಾಗಿಲು ಮುಚ್ಚಬೇಕಿಲ್ಲ.

ಈಗ ತಮ್ಮಿಂದ ಆಗಬೇಕಾದದ್ದು. ಮನಸ್ಸಿನ ತಪಾಸಣೆ ಅಪಸ್ಮಾರದ ಕ್ಲಿನಿಕ್ಕಿನಲ್ಲೇ ನಡೆಯಬೇಕು: ರೋಗ ಪತ್ತೆಯಾದಾಗ ಒಮ್ಮೆ, ನಂತರ 6 ತಿಂಗಳಿಗೊಮ್ಮೆ, ಔಷಧ ಬದಲಾದ 4ರಿಂದ 6 ವಾರಗಳಲ್ಲಿ ಮತ್ತೊಮ್ಮೆ. ಮಕ್ಕಳ ಭಾವನೆ, ವರ್ತನೆಯ ತೊಂದರೆಗಳನ್ನು ಅಳೆಯುವ ಎಸ್‌ಡಿಕ್ಯೂ ಎಂಬ ಪ್ರಶ್ನಾವಳಿ ಇದಕ್ಕೆ ಸಾಕು. 25 ಪ್ರಶ್ನೆ, ಸುಮಾರು 5 ನಿಮಿಷ, ಕಾಯುವ ಬೆಂಚಿನಲ್ಲೇ ತುಂಬಬಹುದು. ತೊಂದರೆಯ ಅಂಕ 0ಯಿಂದ 40. ಪೋಷಕರು ತುಂಬಿದ್ದರಲ್ಲಿ 17 ಅಥವಾ ಹೆಚ್ಚು ಬಂದರೆ ಕೂತು ಮಾತಾಡಿಸಬೇಕು. ಅಂಕವೇ ರೋಗನಿರ್ಣಯವಲ್ಲ, ತಲೆನೋವು, ಗಮನ ಚದುರುವಿಕೆಯಂಥ ಪ್ರಶ್ನೆಗಳಿಗೆ ಫಿಟ್ಸಿನಿಂದಲೇ ಅಂಕ ಏರುತ್ತದೆ. ಇನ್ನೊಂದು ಕೊರತೆ ಗಂಭೀರವಾದದ್ದು. ಆ ಪಟ್ಟಿಯಲ್ಲಿ ಆತ್ಮಹತ್ಯೆಯ ಯೋಚನೆ ಕುರಿತ ಪ್ರಶ್ನೆಯೇ ಇಲ್ಲ. 12 ವರ್ಷ ದಾಟಿದ ಮಕ್ಕಳನ್ನು ಪೋಷಕರನ್ನು ಹೊರಗೆ ಕೂರಿಸಿ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಎಂಬುದು ತಪ್ಪು ಕಲ್ಪನೆ. ಹೌದು ಎಂಬ ಉತ್ತರ ಬಂದರೆ ಅದೇ ದಿನ ನೋಡುವ ವ್ಯವಸ್ಥೆ ಇರಲೇಬೇಕು.

ಅಂಕ ಹೆಚ್ಚು ಬಂದವರಿಗೆ ಮುಂದೇನು? ಉತ್ತರ ಸಿದ್ಧವಿಲ್ಲದೆ ತಪಾಸಣೆ ಆರಂಭಿಸಬೇಡಿ. ಗಾಯ ತೆರೆದು ಹಾಗೇ ಬಿಟ್ಟಂತಾಗುತ್ತದೆ. ಎಲ್ಲೆಡೆ ಮಕ್ಕಳ ಮನೋವೈದ್ಯರನ್ನು ನೇಮಿಸಿ ಎಂದು ನಾವು ಕೇಳುತ್ತಿಲ್ಲ, ಅಷ್ಟು ಜನ ಸಿಗುವುದೂ ಇಲ್ಲ. ಬ್ರಿಟನ್ನಿನಲ್ಲಿ 3ರಿಂದ 18 ವರ್ಷದ 334 ಮಕ್ಕಳೊಂದಿಗೆ ನಡೆದ 'ಮೈಸ್' ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಅಪಸ್ಮಾರ ಸೇವೆಯ ಭಾಗವಾಗಿಯೇ, ಫೋನ್ ಅಥವಾ ವಿಡಿಯೊ ಕರೆಯಲ್ಲಿ, ಆತಂಕ, ಖಿನ್ನತೆ, ವರ್ತನೆಯ ತೊಂದರೆಗಳಿಗೆ ಹೊಂದುವಂತೆ ಮಾನಸಿಕ ಚಿಕಿತ್ಸೆ ಕೊಡಲಾಯಿತು. 6 ತಿಂಗಳ ಹೊತ್ತಿಗೆ ಇದೇ ಎಸ್‌ಡಿಕ್ಯೂ ಅಂಕ, ಎಂದಿನ ಆರೈಕೆ ಪಡೆದವರಿಗಿಂತ ಸರಾಸರಿ 1.7ರಷ್ಟು ಕಡಿಮೆಯಾಗಿತ್ತು. ಪವಾಡವೇನಲ್ಲ, ಆದರೆ ನಿಜವಾದ ಸುಧಾರಣೆ, ಅದೂ ಫೋನಿನಲ್ಲಿ. ಪ್ರತಿ ಕ್ಲಿನಿಕ್ಕಿನ ಒಬ್ಬ ನರ್ಸಿಗೆ ಈ ಚಿಕಿತ್ಸೆಯ ತರಬೇತಿ ಕೊಡಿಸಿ, ವಾರಕ್ಕೊಂದು ಗಂಟೆ ಅನುಭವಿ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನ ಕಡ್ಡಾಯ ಮಾಡಿ. ಆ ಗಂಟೆ ತಪ್ಪಿದರೆ ಚಿಕಿತ್ಸೆ ಬರಬರುತ್ತಾ ಬರೀ ಸಾಂತ್ವನದ ಮಾತಾಗುತ್ತದೆ. ನರ್ಸಿನ ಉಳಿದ ಕೆಲಸದಿಂದ ಅಷ್ಟು ಸಮಯ ಇಳಿಸುವುದೂ ಆದೇಶದಲ್ಲೇ ಇರಲಿ.

ಶಾಲೆಗಳಿಗೆ ಹೋಗುವ ಸುತ್ತೋಲೆ ಚಿಕ್ಕದಿದ್ದರೂ ಸಾಕು: ಫಿಟ್ಸ್ 5 ನಿಮಿಷ ದಾಟಿದರೆ ತುರ್ತು ನೆರವು ಕರೆಯಬೇಕು, ಚೇತರಿಸಿಕೊಂಡ ಮಗುವನ್ನು ಪ್ರತಿ ಸಲ ಮನೆಗೆ ಅಟ್ಟಬಾರದು, ಪ್ರವಾಸ, ಆಟಗಳಿಂದ ಹೊರಗಿಡಬಾರದು.

2022ರ ವಿಶ್ವ ಆರೋಗ್ಯ ಸಭೆಯಲ್ಲಿ ಸದಸ್ಯ ರಾಷ್ಟ್ರಗಳು ಅಪಸ್ಮಾರ ಕುರಿತು 2031ರವರೆಗಿನ ಕ್ರಿಯಾಯೋಜನೆಗೆ ಒಪ್ಪಿವೆ. ಅದರ ವರದಿ ಕೇಳುವಾಗ ಎಷ್ಟು ಫಾರಂ ತುಂಬಿಸಿದಿರಿ ಎಂದು ಕೇಳಬೇಡಿ, ಆ ಸಂಖ್ಯೆಯನ್ನು ಯಾರಾದರೂ ತುಂಬಿಸಿಯಾರು. 17 ಅಥವಾ ಹೆಚ್ಚು ಅಂಕ ಬಂದ ಮಕ್ಕಳೆಷ್ಟು, ಅವರಲ್ಲಿ 4 ವಾರದೊಳಗೆ ಮೊದಲ ಮಾತುಕತೆ ಸಿಕ್ಕಿದ್ದು ಎಷ್ಟು ಜನರಿಗೆ: ಮುಂದಿನ ತ್ರೈಮಾಸಿಕ ವರದಿಯ ನಮೂನೆಗೆ ಈ ಎರಡು ಕಾಲಂ ಸೇರಿಸಲು ತಮ್ಮ ಒಂದು ಸಹಿ ಸಾಕು.

ಇತಿ,
ಅಪಸ್ಮಾರ ಇರುವ ಮಕ್ಕಳ ಆರೈಕೆಯಲ್ಲಿ ತೊಡಗಿರುವ ವೈದ್ಯರು, ನರ್ಸ್‌ಗಳು ಮತ್ತು ಮನಶ್ಶಾಸ್ತ್ರಜ್ಞರು